ಕರ್ನಾಟಕದ ರಕ್ಷಣಾ ಉದ್ಯಮ ಮತ್ತು ಬಹುರಾಷ್ಟ್ರೀಯ ಸಹಯೋಗ

ಬಹುರಾಷ್ಟ್ರೀಯ ರಕ್ಷಣಾ ಸಹಯೋಗವೆಂದರೆ ಎರಡು ಅಥವಾ ಹೆಚ್ಚು ದೇಶಗಳು ಸೇನಾ ವಿಮಾನ, ಆಯುಧ, ನೌಕೆ ಮತ್ತು ಉಪಕರಣಗಳ ವಿನ್ಯಾಸ, ತಯಾರಿಕೆ, ದುರಸ್ತಿ ಹಾಗೂ ಮಾರಾಟಗಳಲ್ಲಿ ಒಪ್ಪಂದದ ಮೇರೆಗೆ ಪಾಲುಗೊಳ್ಳುವ ವ್ಯವಸ್ಥೆ. ಕರ್ನಾಟಕದಲ್ಲಿ ಇದರ ಆಧುನಿಕ ಚರಿತ್ರೆ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯ ಸ್ಥಾಪನೆಯೊಂದಿಗೆ ಆರಂಭವಾಗುತ್ತದೆ. ಯುದ್ಧವಿಮಾನ, ಹೆಲಿಕಾಪ್ಟರ್, ರೇಡಾರ್, ಸಂವಹನ ಉಪಕರಣ ಮತ್ತು ಸೇನಾ ವಾಹನಗಳು ಇಲ್ಲಿನ ಮುಖ್ಯ ಉತ್ಪನ್ನಗಳು. ವಿಮಾನದ ಒಡಲು ಇಲ್ಲಿಯದು, ಎಂಜಿನ್ ಹೊರಗಿನದು ಎಂಬ ಹಂಚಿಕೆ ಎಂಟು ದಶಕಗಳಿಂದಲೂ ಮುಂದುವರಿದು ಬಂದಿದೆ.

ಪರಿಭಾಷೆ

ಈ ಲೇಖನದಲ್ಲಿ ಪರವಾನಗಿ ತಯಾರಿಕೆ ಎಂದರೆ ವಿದೇಶಿ ಕಂಪನಿಯ ವಿನ್ಯಾಸವನ್ನು ಶುಲ್ಕ ಕೊಟ್ಟು ಇಲ್ಲಿ ತಯಾರಿಸುವುದು. ತಂತ್ರಜ್ಞಾನ ವರ್ಗಾವಣೆ ಎಂದರೆ ತಯಾರಿಕೆಯ ವಿಧಾನ ಮತ್ತು ನಕ್ಷೆಗಳನ್ನು ಒಪ್ಪಂದದ ಮಿತಿಯಲ್ಲಿ ಹಸ್ತಾಂತರಿಸುವುದು. ವಿನ್ಯಾಸದ ಹಂತದಿಂದಲೇ ಖರ್ಚು ಮತ್ತು ಹಕ್ಕುಗಳನ್ನು ಹಂಚಿಕೊಂಡರೆ ಅದು ಸಹ-ಅಭಿವೃದ್ಧಿ. ಭಾರತಕ್ಕೆ ಆಯುಧ ಮಾರಿದ ಕಂಪನಿ ಒಪ್ಪಂದದ ಮೊತ್ತದ ಒಂದು ಪಾಲನ್ನು ಭಾರತದಲ್ಲೇ ಖರೀದಿ ಅಥವಾ ಹೂಡಿಕೆಯ ರೂಪದಲ್ಲಿ ತೊಡಗಿಸಬೇಕೆಂಬ ಷರತ್ತಿಗೆ ಆಫ್‌ಸೆಟ್ ಎಂದು ಹೆಸರು. ಪತ್ರಿಕೆಗಳಲ್ಲಿ ಈ ನಾಲ್ಕಕ್ಕೂ ‘ಸ್ವದೇಶಿ’ ಎಂಬ ಒಂದೇ ಮಾತು ಬಳಕೆಯಾಗುವುದುಂಟು. ಇವುಗಳ ನಡುವಿನ ವ್ಯತ್ಯಾಸ ದೊಡ್ಡದು.

ಹಿನ್ನೆಲೆ

ಹೊರದೇಶದ ಕುಶಲಕರ್ಮಿಗಳನ್ನು ಕರೆಸಿ ಆಯುಧ ಮಾಡಿಸುವ ಪದ್ಧತಿ ಈ ನೆಲದಲ್ಲಿ ಹಳೆಯದು. ವಿಜಯಪುರದ ಕೋಟೆಯಲ್ಲಿರುವ ಮಲಿಕ್-ಎ-ಮೈದಾನ್ ಫಿರಂಗಿಯನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ಅವನ ಹೆಸರಿನ ಕೊನೆಯ ಪದವೇ ಅವನು ತುರ್ಕಿ ಕಡೆಯವನೆಂದು ಹೇಳುತ್ತದೆ. ಟಿಪ್ಪು ಸುಲ್ತಾನ ಫ್ರೆಂಚ್ ಕುಶಲಕರ್ಮಿಗಳನ್ನು ನೇಮಿಸಿಕೊಂಡಿದ್ದಲ್ಲದೆ 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ಹದಿನಾರನೆಯ ಲೂಯಿಯನ್ನು ಕಂಡರು. ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳ ವಿಷಯದಲ್ಲಿ ಹರಿವು ಎದುರು ದಿಕ್ಕಿನದು. ಶ್ರೀರಂಗಪಟ್ಟಣದ ಪತನದ ನಂತರ ಇಂಗ್ಲೆಂಡಿಗೆ ಸಾಗಿದ ಮಾದರಿಗಳಿಂದ ಪ್ರೇರಣೆ ಪಡೆದು ವಿಲಿಯಂ ಕಾಂಗ್ರೀವ್ ಬ್ರಿಟಿಷ್ ಸೇನೆಯ ರಾಕೆಟ್ ರೂಪಿಸಿದ.

ಪರರಾಜ್ಯಗಳೊಂದಿಗಿನ ನೀತಿಯನ್ನು ಹೇಳುವ ಇನ್ನೂ ಹಳೆಯ ದಾಖಲೆ ಕಲಬುರಗಿ ಜಿಲ್ಲೆಯ ಭೀಮಾ ತೀರದ ಸನ್ನತಿಯಲ್ಲಿದೆ. ಅಲ್ಲಿನ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲುಚಪ್ಪಡಿ 1980ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂತು. ಅದರ ಮೇಲೆ ಅಶೋಕನ 12 ಮತ್ತು 14ನೆಯ ಬಂಡೆ ಶಾಸನಗಳ ಭಾಗಗಳೂ, ಅಲ್ಲಿಯವರೆಗೆ ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಎರಡು ಪ್ರತ್ಯೇಕ ಶಾಸನಗಳ ಪಾಠವೂ ಇವೆ. ಪ್ರತ್ಯೇಕ ಶಾಸನಗಳಲ್ಲಿ ಒಂದರ ವಿಷಯ ಅಶೋಕ ಗೆಲ್ಲದ ಗಡಿಯಾಚೆಯ ಜನ. ಅವರು ತನಗೆ ಅಂಜಬೇಕಿಲ್ಲ, ತನ್ನಿಂದ ಅವರಿಗೆ ದುಃಖವಾಗದು ಎಂಬ ಭರವಸೆಯನ್ನು ಅಧಿಕಾರಿಗಳು ಅವರಿಗೆ ಮುಟ್ಟಿಸಬೇಕೆಂದು ಅರಸ ಆಜ್ಞಾಪಿಸುತ್ತಾನೆ.

ಇದೇ ಸೀಮೆ 1948ರಲ್ಲಿ ಅಂತರರಾಷ್ಟ್ರೀಯ ಶಸ್ತ್ರ ಸಾಗಣೆಯ ಪ್ರಕರಣವೊಂದರ ಅಂಚಿನಲ್ಲಿತ್ತು. ಸೇಡಂ, ಚಿತ್ತಾಪುರ, ಶಹಾಬಾದ್, ಚಿಂಚೋಳಿಗಳು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ಆಸ್ಟ್ರೇಲಿಯಾದ ವಿಮಾನ ಚಾಲಕ ಸಿಡ್ನಿ ಕಾಟನ್ ಕರಾಚಿಯಿಂದ ರಾತ್ರಿವೇಳೆ ಲಂಕಾಸ್ಟ್ರಿಯನ್ ವಿಮಾನಗಳಲ್ಲಿ ಸಂಸ್ಥಾನದ ನೆಲೆಗಳಿಗೆ ಆಯುಧ ಇಳಿಸುತ್ತಿದ್ದ. ಸೆಪ್ಟೆಂಬರ್ 17ರಂದು ನಿಜಾಮರ ಸೇನೆ ಶರಣಾಗಿ ಸಂಸ್ಥಾನ ಭಾರತಕ್ಕೆ ಸೇರಿತು. ಕಾಟನ್‌ಗೆ ಬ್ರಿಟನ್ನಿನ ನ್ಯಾಯಾಲಯ ದಂಡ ವಿಧಿಸಿತು.

ಉಗಮ

ಎರಡನೆಯ ಮಹಾಯುದ್ಧದ ಹೊತ್ತಿಗೆ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರಿಗೆ ಭಾರತದಲ್ಲಿ ವಿಮಾನ ಕಾರ್ಖಾನೆ ತೆರೆಯುವ ಯೋಚನೆ ಬಂತು. ಚೀನಾದಲ್ಲಿ ವಿಮಾನ ಕಾರ್ಖಾನೆ ನಡೆಸುತ್ತಿದ್ದ ಅಮೆರಿಕದ ವಿಲಿಯಂ ಪಾಲಿ ತಾಂತ್ರಿಕ ನೆರವಿಗೆ ಒಪ್ಪಿದರು. ಜಾಗ ಮತ್ತು ಬಂಡವಾಳದ ವಿಷಯದಲ್ಲಿ ಕೈಚಾಚಿದ್ದು ಮೈಸೂರು ಸಂಸ್ಥಾನ, ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1941ರಲ್ಲಿ ಭಾರತ ಸರ್ಕಾರವೂ ಪಾಲುದಾರನಾಯಿತು. ಹೀಗೆ ಮುಂಬಯಿಯ ಬಂಡವಾಳ, ಮೈಸೂರಿನ ನೆಲ, ಅಮೆರಿಕದ ನಕ್ಷೆ ಮತ್ತು ಬ್ರಿಟಿಷರ ಯುದ್ಧದ ಅಗತ್ಯ ಒಂದೆಡೆ ಸೇರಿದವು.

ಮೊದಲು ಜೋಡಣೆಯಾದದ್ದು ಅಮೆರಿಕದ ಹಾರ್ಲೋ ತರಬೇತಿ ವಿಮಾನ, ಆಮೇಲೆ ಕರ್ಟಿಸ್ ಹಾಕ್ ಯುದ್ಧವಿಮಾನ. 1942ರಲ್ಲಿ ಸರ್ಕಾರ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಮರುವರ್ಷ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಉಸ್ತುವಾರಿಗೆ ಹೋಗಿ ಮಿತ್ರಪಡೆಗಳ ವಿಮಾನ ಹಾಗೂ ಎಂಜಿನುಗಳ ದೊಡ್ಡ ದುರಸ್ತಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ವಿಮಾನದ ಕೆಲಸ ಇಳಿದು ರೈಲುಬೋಗಿಗಳನ್ನೂ ಇಲ್ಲೇ ತಯಾರಿಸಿದರು. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಇಲ್ಲೇ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು.

1954ರಲ್ಲಿ ಜಾಲಹಳ್ಳಿಯಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ಸಹಯೋಗದಿಂದ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಆರಂಭವಾಯಿತು. 1964 ಎರಡು ಬದಲಾವಣೆಗಳ ವರ್ಷ. ಮಣ್ಣುಗೆಲಸದ ಯಂತ್ರ, ರೈಲುಬೋಗಿ ಹಾಗೂ ಸೇನಾ ವಾಹನಗಳಿಗಾಗಿ ಬಿಇಎಂಎಲ್ ಹುಟ್ಟಿತು. ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಮತ್ತು ಏರೋನಾಟಿಕ್ಸ್ ಇಂಡಿಯಾ ಕಂಪನಿಗಳು ಅಕ್ಟೋಬರ್ 1ರಂದು ಸೇರಿ ಹಿಂದೂಸ್ಥಾನ್ ಏರೋನಾಟಿಕ್ಸ್ (ಎಚ್‌ಎಎಲ್) ಆಯಿತು.

ಮಾರುತ ಯೋಜನೆ

ಬಹುರಾಷ್ಟ್ರೀಯ ಸಹಯೋಗದ ಲಾಭ ಮತ್ತು ಮಿತಿ ಎರಡನ್ನೂ ಸ್ಪಷ್ಟವಾಗಿ ತೋರಿಸುವ ಪ್ರಕರಣ ಎಚ್‌ಎಫ್-24 ಮಾರುತ. ಜರ್ಮನಿಯ ಖ್ಯಾತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಭಾರತೀಯ ಎಂಜಿನಿಯರುಗಳೊಂದಿಗೆ ಇದನ್ನು ರೂಪಿಸಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಇದರ ಮೊದಲ ಹಾರಾಟ ನಡೆಸಿದರು. ಶಬ್ದಾತೀತ ವೇಗಕ್ಕೆಂದು ಎಳೆದ ಒಡಲು ಇದು. ಇದಕ್ಕೆ ಬೇಕಾಗಿದ್ದ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನನ್ನು ಪೂರ್ತಿಗೊಳಿಸಲು ಬ್ರಿಟಿಷ್ ಕಂಪನಿ ಕೇಳಿದ ಅಭಿವೃದ್ಧಿ ವೆಚ್ಚವನ್ನು ಭಾರತ ಕೊಡಲಿಲ್ಲ. ವಿಮಾನ ಕಡಿಮೆ ಶಕ್ತಿಯ ಆರ್ಫಿಯಸ್ 703 ಎಂಜಿನಿಗೆ ಕಟ್ಟುಬಿದ್ದಿತು.

ಪರ್ಯಾಯದ ಹುಡುಕಾಟ ಈಜಿಪ್ಟಿನವರೆಗೆ ಹೋಯಿತು. ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಅಲ್ಲಿ ಇ-300 ಎಂಬ ಎಂಜಿನ್ ಅಭಿವೃದ್ಧಿಪಡಿಸುತ್ತಿದ್ದರು. ಅದನ್ನು ಪರೀಕ್ಷಿಸಲು ಮಾರುತದ ಒಡಲೊಂದನ್ನು ಭಾರತ ಈಜಿಪ್ಟಿಗೆ ಕಳಿಸಿತು, ಅದು ಅಲ್ಲಿ ಹಾರಿತು ಕೂಡ. ಜರ್ಮನ್ ವಿನ್ಯಾಸಕಾರ, ಆಸ್ಟ್ರಿಯನ್ ಎಂಜಿನ್ ತಜ್ಞ, ಈಜಿಪ್ಟಿನ ಹಣ ಮತ್ತು ಬೆಂಗಳೂರಿನ ತಯಾರಿಕೆ ಕೂಡಿದ ಈ ಯೋಜನೆ 1967ರ ಅರಬ್–ಇಸ್ರೇಲ್ ಯುದ್ಧದ ನಂತರ ಸೊರಗಿ 1969ರಲ್ಲಿ ನಿಂತಿತು. 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ಅವು ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ದಾಳಿ ನಡೆಸಿದವು. ಉತ್ತರಾಧಿಕಾರಿ ವಿಮಾನ ಬಾರದೆ, ವಿನ್ಯಾಸ ತಂಡದ ಅನುಭವ ಮುಂದಿನ ಪೀಳಿಗೆಗೆ ದಾಟುವ ಮೊದಲೇ ಚದುರಿದ್ದು ಈ ಯೋಜನೆಯ ದೊಡ್ಡ ನಷ್ಟ.

ರಚನೆ

ಉದ್ಯಮಕ್ಕೆ ನಾಲ್ಕು ಪದರಗಳಿವೆ. ಮೇಲಿನದು ಎಚ್‌ಎಎಲ್, ಬಿಇಎಲ್, ಬಿಇಎಂಎಲ್‌ಗಳಂಥ ಸಾರ್ವಜನಿಕ ಉದ್ದಿಮೆಗಳು. ಮೂರರ ಕೇಂದ್ರ ಕಚೇರಿಯೂ ಬೆಂಗಳೂರಿನಲ್ಲಿದೆ. ಎರಡನೆಯದು ಸಂಶೋಧನಾ ಸಂಸ್ಥೆಗಳು. ಎಂಜಿನ್‌ಗೆ ಜಿಟಿಆರ್‌ಇ, ರೇಡಾರ್‌ಗೆ ಎಲ್‌ಆರ್‌ಡಿಇ, ಚಾಲಕರಹಿತ ವಿಮಾನಗಳಿಗೆ ಎಡಿಇ, ತೇಜಸ್ ಯುದ್ಧವಿಮಾನದ ವಿನ್ಯಾಸಕ್ಕೆ 1984ರಲ್ಲಿ ಹುಟ್ಟಿದ ಎಡಿಎ, ಸಂಯುಕ್ತ ವಸ್ತುಗಳ ಒಡಲಿಗೆ ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ಇವೆ. ಸೈನಿಕರ ಊಟದ ಪೊಟ್ಟಣಗಳನ್ನು ರೂಪಿಸುವ ಡಿಎಫ್‌ಆರ್‌ಎಲ್ ಮೈಸೂರಿನಲ್ಲಿದೆ. ಮೂರನೆಯ ಪದರ ಖಾಸಗಿ ಕಂಪನಿಗಳದು: ತೇಜಸ್‌ನ ಮುಂಭಾಗದ ಒಡಲು ಮಾಡುವ ಡೈನಮ್ಯಾಟಿಕ್ ಟೆಕ್ನಾಲಜೀಸ್, ಬೆಳಗಾವಿಯ ಹತ್ತರಗಿಯಲ್ಲಿ ಏರ್‌ಬಸ್ ಮತ್ತು ಬೋಯಿಂಗ್‌ಗಳಿಗೆ ಬಿಡಿಭಾಗ ಒದಗಿಸುವ ಏಕ್ವಸ್ ಮೊದಲಾದವು. ನಾಲ್ಕನೆಯದು ವಿದೇಶಿ ಕಂಪನಿಗಳ ಸ್ವಂತ ಕೇಂದ್ರಗಳು. ದೇವನಹಳ್ಳಿಯ ಬಳಿ 43 ಎಕರೆಯಲ್ಲಿ 2024ರ ಜನವರಿಯಲ್ಲಿ ಉದ್ಘಾಟನೆಯಾದ ಬೋಯಿಂಗ್ ಕೇಂದ್ರ ಅಮೆರಿಕದ ಹೊರಗೆ ಆ ಕಂಪನಿಯ ಈ ಬಗೆಯ ಅತಿ ದೊಡ್ಡ ಹೂಡಿಕೆ.

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಲೇತ್–ಮಿಲ್ಲಿಂಗ್ ಘಟಕಗಳನ್ನು ಯಾವ ಪದರಕ್ಕೂ ಸೇರಿಸದೆ ಬಿಡುವುದು ವಾಡಿಕೆ. ಮೇಲಿನ ನಾಲ್ಕೂ ಪದರಗಳಿಗೆ ಬಿಡಿಭಾಗ ಹೋಗುವುದು ಅವುಗಳಿಂದಲೇ.

ಸಹಯೋಗದ ಬಗೆಗಳು

ಪರವಾನಗಿ ತಯಾರಿಕೆ ಹಳೆಯದು, ಹೆಚ್ಚು ಬಳಕೆಯಾದದ್ದು. ಬ್ರಿಟನ್ನಿನ ನ್ಯಾಟ್, ಫ್ರಾನ್ಸಿನ ಅಲೂಯೆಟ್ ಹೆಲಿಕಾಪ್ಟರ್ (ಇಲ್ಲಿ ಚೇತಕ್), ಬ್ರಿಟನ್–ಫ್ರಾನ್ಸ್ ಜಂಟಿ ಉತ್ಪನ್ನವಾದ ಜಾಗ್ವಾರ್ ಹೀಗೆ ಬಂದವು. ಹಾಕ್ ತರಬೇತಿ ಜೆಟ್ಟಿಗೆ 2004ರಲ್ಲಿ ಆದ ಒಪ್ಪಂದದ 66 ವಿಮಾನಗಳಲ್ಲಿ 24 ಬ್ರಿಟನ್ನಿನಲ್ಲಿ, 42 ಬೆಂಗಳೂರಿನಲ್ಲಿ ತಯಾರಾಗಬೇಕಿತ್ತು. ಪರವಾನಗಿ ತಯಾರಿಕೆಯಿಂದ ಕೈಚಳಕ ಬೆಳೆಯುತ್ತದೆ. ವಿನ್ಯಾಸದ ಹಕ್ಕು ಮೂಲ ಕಂಪನಿಯಲ್ಲೇ ಉಳಿಯುವುದರಿಂದ ಒಂದು ಬೋಲ್ಟು ಬದಲಿಸಲೂ ಅನುಮತಿ ಬೇಕಾಗುತ್ತದೆ.

ಸಲಹಾ ಸಹಯೋಗದ ಉದಾಹರಣೆ ಧ್ರುವ್ ಹೆಲಿಕಾಪ್ಟರ್. 1984ರಲ್ಲಿ ಜರ್ಮನಿಯ ಎಂಬಿಬಿ ಜತೆ ಒಪ್ಪಂದವಾಗಿ 1992ರ ಆಗಸ್ಟ್‌ನಲ್ಲಿ ಅದು ಮೊದಲ ಬಾರಿ ಹಾರಿತು. ಇದರ ಶಕ್ತಿ ಎಂಜಿನ್ ಫ್ರಾನ್ಸಿನ ಟರ್ಬೊಮೆಕಾ ಜತೆಗಿನ ಸಹ-ಅಭಿವೃದ್ಧಿಯ ಫಲ. ರಫ್ತಿನ ಅನುಭವ ಮಾತ್ರ ಕಹಿಯಾಗಿತ್ತು. ಈಕ್ವೆಡಾರ್ ಕೊಂಡ ಏಳು ಧ್ರುವ್‌ಗಳಲ್ಲಿ ನಾಲ್ಕು ಅಪಘಾತಕ್ಕೀಡಾಗಿ, 2015ರಲ್ಲಿ ಆ ದೇಶ ಒಪ್ಪಂದ ರದ್ದುಪಡಿಸಿತು. ನೇಪಾಳ, ಮಾಲ್ಡೀವ್ಸ್, ಮಾರಿಷಸ್‌ಗಳಿಗೂ ಈ ಹೆಲಿಕಾಪ್ಟರ್ ಹೋಗಿದೆ.

ಸಹ-ಅಭಿವೃದ್ಧಿಯ ಯಶಸ್ವಿ ಮಾದರಿಯಾದ ಬ್ರಹ್ಮೋಸ್ ಕ್ಷಿಪಣಿ ಭಾರತ–ರಷ್ಯಾ ನಡುವಿನ 1998ರ ಒಪ್ಪಂದದ್ದು. ಇಸ್ರೇಲ್ ಜತೆಗಿನ ಮಧ್ಯಮ ವ್ಯಾಪ್ತಿಯ ನೆಲದಿಂದ ಆಕಾಶಕ್ಕೆ ಹಾರುವ ಕ್ಷಿಪಣಿ ವ್ಯವಸ್ಥೆಯಲ್ಲಿ ಬಿಇಎಲ್‌ಗೂ ಪಾತ್ರವಿದೆ.

ಆಫ್‌ಸೆಟ್ ಷರತ್ತು 2005ರ ಖರೀದಿ ನಿಯಮಗಳೊಂದಿಗೆ ಜಾರಿಗೆ ಬಂತು. ಸರ್ಕಾರ–ಸರ್ಕಾರಗಳ ನಡುವಿನ ಒಪ್ಪಂದ ಮತ್ತು ಏಕೈಕ ಮಾರಾಟಗಾರನ ಖರೀದಿಗಳಿಗೆ 2020ರ ನಿಯಮಗಳು ಇದರಿಂದ ವಿನಾಯಿತಿ ಕೊಟ್ಟವು.

ನಿರ್ಬಂಧ ಮತ್ತು ತೇಜಸ್

1998ರ ಮೇ ತಿಂಗಳ ಪೋಖ್ರಾನ್ ಅಣು ಪರೀಕ್ಷೆಗಳ ನಂತರ ಅಮೆರಿಕ ಹೇರಿದ ನಿರ್ಬಂಧಗಳು ನೇರವಾಗಿ ಬೆಂಗಳೂರಿಗೆ ತಟ್ಟಿದವು. ತೇಜಸ್‌ನ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದ ಭಾರತೀಯ ತಂಡ ಹಿಂತಿರುಗಬೇಕಾಯಿತು. ಧ್ರುವ್‌ಗೆ ಯೋಚಿಸಿದ್ದ ಅಮೆರಿಕ ಮೂಲದ ಎಂಜಿನ್ ಕೂಡ ಕೈತಪ್ಪಿತು. ಟರ್ಬೊಮೆಕಾ ಕಡೆಗೆ ತಿರುಗಲು ಇದೂ ಕಾರಣ. ನಿಯಂತ್ರಣ ವ್ಯವಸ್ಥೆಯ ಉಳಿದ ಕೆಲಸವನ್ನು ಬೆಂಗಳೂರಿನಲ್ಲೇ ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ತೇಜಸ್‌ನ ಮೊದಲ ಹಾರಾಟ ನಡೆಸಿದರು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಘಟನೆಯ (ಡಿಆರ್‌ಡಿಒ) ಸಂಸ್ಥೆಗಳ ಮೇಲಿದ್ದ ಅಮೆರಿಕದ ರಫ್ತು ನಿರ್ಬಂಧ 2011ರಲ್ಲಿ ತೆರವಾಯಿತು.

ತೇಜಸ್‌ಗಾಗಿ ಜಿಟಿಆರ್‌ಇಯಲ್ಲಿ ಕಾವೇರಿ ಎಂಜಿನ್ ಯೋಜನೆಗೆ 1989ರಲ್ಲಿ ಮಂಜೂರಾತಿ ಸಿಕ್ಕಿತ್ತು. ಬೇಕಾದ ತಳ್ಳುಬಲ ಬಾರದೆ ಅದು ವಿಮಾನಕ್ಕೆ ಏರಲಿಲ್ಲ. ಈಗಿನ ತೇಜಸ್ ಹಾರುತ್ತಿರುವುದು ಅಮೆರಿಕದ ಜಿಇ ಕಂಪನಿಯ ಎಫ್404 ಎಂಜಿನಿನಿಂದ. ಚಾಲಕನ ತುರ್ತು ಆಸನ ಬ್ರಿಟನ್ನಿನ ಮಾರ್ಟಿನ್-ಬೇಕರ್ ಕಂಪನಿಯದು, ಮಾರ್ಕ್-1 ಮಾದರಿಯ ರೇಡಾರ್ ಇಸ್ರೇಲ್ ಮೂಲದ್ದು.

ಪ್ರದೇಶವಾರು ನೆಲೆಗಳು

ಉದ್ಯಮ ಬೆಂಗಳೂರಿನ ಸುತ್ತಲೇ ಗುಂಪುಗೂಡಿದೆ. ಕೆಜಿಎಫ್ ಮತ್ತು ಮೈಸೂರಿನಲ್ಲಿ ಬಿಇಎಂಎಲ್ ಘಟಕಗಳಿವೆ. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಕೋಲಾರ ಜಿಲ್ಲೆಯ ವೇಮಗಲ್ಲನ್ನು ಟಾಟಾ ಮತ್ತು ಏರ್‌ಬಸ್ ಎಚ್125 ಹೆಲಿಕಾಪ್ಟರಿನ ಅಂತಿಮ ಜೋಡಣೆಗೆ ಆರಿಸಿಕೊಂಡಿವೆ. ಕಾರವಾರದ ಕದಂಬ ನೌಕಾನೆಲೆ 2005ರ ಮೇ ತಿಂಗಳಲ್ಲಿ ಸೇವೆಗೆ ಬಂತು; ರಷ್ಯಾದಲ್ಲಿ ಮರುನಿರ್ಮಾಣಗೊಂಡ ವಿಮಾನವಾಹಕ ನೌಕೆ ವಿಕ್ರಮಾದಿತ್ಯದ ನೆಲೆ ಅದು. 2025ರ ಏಪ್ರಿಲ್ 5ರಂದು ಕಾರವಾರದಿಂದ ಹೊರಟ ಐಎನ್‌ಎಸ್ ಸುನಯನಾ ನೌಕೆಯಲ್ಲಿ ಶ್ರೀಲಂಕಾ, ಕೀನ್ಯಾ, ತಾಂಜಾನಿಯಾ, ಮಾರಿಷಸ್ ಸೇರಿ ಒಂಬತ್ತು ಮಿತ್ರದೇಶಗಳ 44 ನಾವಿಕರು ಭಾರತೀಯರೊಂದಿಗೆ ಪಯಣಿಸಿದರು.

ಕಲ್ಯಾಣ ಕರ್ನಾಟಕದ ಪಾಲು ಕಡಿಮೆ. ಶಹಾಬಾದಿನ ಹಾಸುಗಲ್ಲು, ವಾಡಿ ಮತ್ತು ಸೇಡಂನ ಸಿಮೆಂಟು ಈ ಸೀಮೆಯ ಹೆಸರಾಂತ ಉತ್ಪನ್ನಗಳು. ಸನ್ನತಿ ಸೀಮೆಗೆ ಹತ್ತಿರದ ದೊಡ್ಡ ಸೇನಾ ಕೇಂದ್ರ ಬೀದರಿನ ವಾಯುಪಡೆ ತರಬೇತಿ ನೆಲೆ. 1996ರಲ್ಲಿ ಸೂರ್ಯಕಿರಣ ವೈಮಾನಿಕ ಪ್ರದರ್ಶನ ತಂಡ ರಚನೆಯಾದದ್ದು ಅಲ್ಲಿ. ಮೊದಲು ಎಚ್‌ಎಎಲ್ ವಿನ್ಯಾಸದ ಕಿರಣ್ ವಿಮಾನಗಳಲ್ಲಿ ಹಾರುತ್ತಿದ್ದ ತಂಡ ಈಗ ಹಾಕ್ ಬಳಸುತ್ತದೆ. ಬ್ರಿಟಿಷ್ ವಿನ್ಯಾಸ, ಬೆಂಗಳೂರಿನ ಜೋಡಣೆ, ಬ್ರಿಟನ್–ಫ್ರಾನ್ಸ್ ಜಂಟಿ ಎಂಜಿನ್: ಬೀದರಿನ ಆಕಾಶದಲ್ಲಿ ಹಾರುವ ಹಾಕ್ ಮೂರು ದೇಶಗಳ ಕೆಲಸ.

ಭೂಮಿ

ವಿಮಾನ ಪರೀಕ್ಷೆಗೆ ವಿಶಾಲವಾದ ಖಾಲಿ ನೆಲ ಬೇಕು. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಅದು ಬಂದದ್ದು ಅಮೃತ್ ಮಹಲ್ ಕಾವಲಿನ ಹುಲ್ಲುಗಾವಲಿನಲ್ಲಿ. ಸುತ್ತಲಿನ ಹಳ್ಳಿಗಳು ದನ–ಕುರಿಗಳ ಮೇವಿಗೆ ಆ ಕಾವಲನ್ನು ನೆಚ್ಚಿದ್ದವು. ವಿವಾದ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಕಾವಲುಗಳ ಹುಟ್ಟೂ ಸೈನಿಕ ಕಾರಣದ್ದೇ ಎಂಬುದನ್ನು ಇಲ್ಲಿ ಗಮನಿಸಬೇಕು. ಮೈಸೂರು ಅರಸರು, ಹೈದರ್ ಮತ್ತು ಟಿಪ್ಪು ಫಿರಂಗಿ ಹಾಗೂ ಸೇನಾ ಸಾಮಾನು ಎಳೆಯುವ ಎತ್ತುಗಳಿಗಾಗಿ ಅಮೃತ್ ಮಹಲ್ ತಳಿಯನ್ನು ಸಾಕಿ ಬೆಳೆಸಿದ್ದು ಇಂಥ ಕಾವಲುಗಳಲ್ಲಿ. ಎತ್ತುಗಳ ಕಾಲದಲ್ಲಿ ಸೇನೆಗೆ ಹುಲ್ಲು ಬೇಕಾಗಿತ್ತು, ಈಗ ಅದೇ ನೆಲದಲ್ಲಿ ರನ್‌ವೇ ಇದೆ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ವೈಮಾನಿಕ ಉದ್ಯಾನಕ್ಕೆಂದು 1,777 ಎಕರೆ ಸ್ವಾಧೀನಪಡಿಸಿಕೊಳ್ಳುವ ಯೋಜನೆಯನ್ನು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ವಿರೋಧಿಸಿದರು. ಸ್ವಾಧೀನ ಕೈಬಿಟ್ಟಿರುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯ 2025ರ ಜುಲೈ 15ರಂದು ಪ್ರಕಟಿಸಿದರು.

ನೀತಿ

2001ರಲ್ಲಿ ರಕ್ಷಣಾ ತಯಾರಿಕೆಗೆ ಖಾಸಗಿ ವಲಯದ ಪ್ರವೇಶವಾಯಿತು, ವಿದೇಶಿ ನೇರ ಹೂಡಿಕೆಯ ಮಿತಿ ಶೇ 26 ಇತ್ತು. 2014ರಲ್ಲಿ ಅದು ಶೇ 49ಕ್ಕೆ, 2020ರಲ್ಲಿ ಸ್ವಯಂಚಾಲಿತ ಮಾರ್ಗದಲ್ಲಿ ಶೇ 74ಕ್ಕೆ ಏರಿತು. ಅದೇ ವರ್ಷದ ಆಗಸ್ಟ್‌ನಲ್ಲಿ 101 ಉಪಕರಣಗಳ ಆಮದು ನಿಲ್ಲಿಸುವ ಮೊದಲ ಪಟ್ಟಿ ಹೊರಬಂತು. ಕ್ಷಿಪಣಿ ತಂತ್ರಜ್ಞಾನ ನಿಯಂತ್ರಣ ಕೂಟಕ್ಕೆ ಭಾರತ 2016ರಲ್ಲಿ, ಶಸ್ತ್ರ ರಫ್ತು ನಿಯಂತ್ರಣದ ವಾಸೆನಾರ್ ಕೂಟಕ್ಕೆ 2017ರಲ್ಲಿ ಸೇರಿತು. ರಾಜ್ಯ ಸರ್ಕಾರ 2013ರಲ್ಲಿ ತನ್ನದೇ ವೈಮಾನಿಕ ನೀತಿ ತಂದು, ಮುಂದೆ 2022–27ರ ಅವಧಿಗೆ ಹೊಸ ವೈಮಾನಿಕ ಮತ್ತು ರಕ್ಷಣಾ ನೀತಿ ರೂಪಿಸಿತು. ಕೇಂದ್ರ 2018ರಲ್ಲಿ ಘೋಷಿಸಿದ ಎರಡು ರಕ್ಷಣಾ ಕಾರಿಡಾರ್‌ಗಳು ಉತ್ತರ ಪ್ರದೇಶ ಮತ್ತು ತಮಿಳುನಾಡಿಗೆ ಹೋದವು.

ಯುರೋಪಿನ ಹಾದಿ ಬೇರೆ. ನೇಟೊ ಸದಸ್ಯ ದೇಶಗಳಿಗೆ ಪರಸ್ಪರ ರಕ್ಷಣೆಯ ಬದ್ಧತೆ ಇದೆ. ಯೂರೋಫೈಟರ್ ವಿಮಾನವನ್ನು ನಾಲ್ಕು ದೇಶಗಳು ಕೂಡಿ ಮಾಡಿದವು. 2022ರ ಡಿಸೆಂಬರಿನಲ್ಲಿ ಬ್ರಿಟನ್, ಇಟಲಿ, ಜಪಾನ್ ಮುಂದಿನ ಪೀಳಿಗೆಯ ಯುದ್ಧವಿಮಾನಕ್ಕೆ ಕೈಜೋಡಿಸಿದವು. 2025ರಲ್ಲಿ ಯುರೋಪಿಯನ್ ಒಕ್ಕೂಟ ಸದಸ್ಯರ ಶಸ್ತ್ರ ಖರೀದಿಗೆ 15,000 ಕೋಟಿ ಯೂರೊ ಸಾಲದ ನಿಧಿ ತೆರೆಯಿತು. ಭಾರತ ಯಾವ ಸೇನಾ ಕೂಟದಲ್ಲೂ ಇಲ್ಲ. ಒಂದೊಂದು ದೇಶದೊಂದಿಗೆ ಒಂದೊಂದು ಯೋಜನೆ ಎಂಬುದು ಅದರ ರೀತಿ. 2025ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾ ಪ್ರದರ್ಶನಕ್ಕೆ ರಷ್ಯಾದ ಸು-57 ಮತ್ತು ಅಮೆರಿಕದ ಎಫ್-35 ಎರಡೂ ಬಂದಿದ್ದವು.

ಇಂದಿನ ಸ್ಥಿತಿ

2024–25ರಲ್ಲಿ ದೇಶದ ರಕ್ಷಣಾ ಉತ್ಪಾದನೆಯ ಮೌಲ್ಯ ಸುಮಾರು 1.5 ಲಕ್ಷ ಕೋಟಿ ರೂಪಾಯಿ, ರಫ್ತು 23,622 ಕೋಟಿ ರೂಪಾಯಿ. ರಫ್ತಿನಲ್ಲಿ 15,233 ಕೋಟಿ ಖಾಸಗಿ ಕಂಪನಿಗಳದು. ಎಚ್‌ಎಎಲ್‌ಗೆ 2021ರಲ್ಲಿ 83 ತೇಜಸ್ ಮಾರ್ಕ್-1ಎ, 2025ರ ಮಾರ್ಚ್‌ನಲ್ಲಿ 156 ಪ್ರಚಂಡ್ ದಾಳಿ ಹೆಲಿಕಾಪ್ಟರ್, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇನ್ನೂ 97 ತೇಜಸ್‌ಗಳ ಬೇಡಿಕೆ ಬಂತು. ಪ್ರಚಂಡ್ ಬೆಂಗಳೂರು ಮತ್ತು ತುಮಕೂರಿನಲ್ಲಿ ತಯಾರಾಗಬೇಕಿದೆ. ಕೊನೆಯ ಮಿಗ್-21ಗಳು 2025ರ ಸೆಪ್ಟೆಂಬರ್ 26ರಂದು ನಿವೃತ್ತವಾದುದರಿಂದ ತೇಜಸ್ ಪೂರೈಕೆಯ ವೇಗ ವಾಯುಪಡೆಗೆ ತುರ್ತಿನ ವಿಷಯವಾಗಿದೆ.

ಆ ವೇಗ ನಿರ್ಧಾರವಾಗುತ್ತಿರುವುದು ಎಂಜಿನಿನಿಂದ. ಮಾರ್ಕ್-1ಎ 2024ರ ಮಾರ್ಚ್ 28ರಂದು ಹಾರಿತು. ಅದಕ್ಕೆಂದು ಬೇಡಿಕೆ ಸಲ್ಲಿಸಿದ್ದ 99 ಎಫ್404 ಎಂಜಿನುಗಳಲ್ಲಿ ಮೊದಲನೆಯದನ್ನು ಜಿಇ ಒಪ್ಪಿಸಿದ್ದು 2025ರ ಮಾರ್ಚ್‌ನಲ್ಲಿ. ಆ ವರ್ಷದ ನವೆಂಬರಿನಲ್ಲಿ ಎಚ್‌ಎಎಲ್ ಇನ್ನೂ 113 ಎಂಜಿನುಗಳಿಗೆ ಸಹಿ ಹಾಕಿತು. ತೇಜಸ್‌ನ ಮುಂದಿನ ಮಾದರಿಗೆ ಬೇಕಾದ ಎಫ್414 ಎಂಜಿನನ್ನು ಭಾರತದಲ್ಲಿ ತಯಾರಿಸುವ ಒಡಂಬಡಿಕೆ 2023ರ ಜೂನ್‌ನಲ್ಲಿ ಆಗಿದೆ. ಐದನೆಯ ಪೀಳಿಗೆಯ ಎಎಂಸಿಎ ವಿಮಾನಕ್ಕೆ ಫ್ರಾನ್ಸಿನ ಸಾಫ್ರಾನ್ ಜತೆ ಹೊಸ ಎಂಜಿನ್ ಅಭಿವೃದ್ಧಿಪಡಿಸುವುದಾಗಿ ರಕ್ಷಣಾ ಸಚಿವ ರಾಜನಾಥ್ ಸಿಂಗ್ 2025ರ ಆಗಸ್ಟ್‌ನಲ್ಲಿ ತಿಳಿಸಿದರು. ಹಕ್ಕುಗಳು ಭಾರತದಲ್ಲಿ ಉಳಿಯುವ ಷರತ್ತು ಈಡೇರಿದರೆ ಯುದ್ಧವಿಮಾನದ ಎಂಜಿನಿನ ವಿಷಯದಲ್ಲೂ ಪರವಾನಗಿ ತಯಾರಿಕೆಯಿಂದ ಸಹ-ಅಭಿವೃದ್ಧಿಗೆ ಉದ್ಯಮ ದಾಟಿದಂತಾಗುತ್ತದೆ. ಕಾವೇರಿ ಎಂಜಿನಿನ ಬದಲಾಯಿಸಿದ ರೂಪವನ್ನು ಚಾಲಕರಹಿತ ವಿಮಾನಕ್ಕೆ ಅಳವಡಿಸುವ ಕೆಲಸ ಜಿಟಿಆರ್‌ಇಯಲ್ಲಿ ನಡೆದಿದೆ. ಮಾರುತದಿಂದ ತೇಜಸ್‌ವರೆಗೆ ಬೆಂಗಳೂರಿನಲ್ಲಿ ತಯಾರಾದ ಯಾವ ಯುದ್ಧವಿಮಾನವೂ ಭಾರತೀಯ ವಿನ್ಯಾಸದ ಎಂಜಿನಿನೊಂದಿಗೆ ಸೇವೆಗೆ ಸೇರಿಲ್ಲ.